ಗೊರವಿನಪಾಳ್ಯದ ಮೂವತ್ತು ಮನೆ

ನಸೀಮ್ ಬಾನು ಗೊರವಿನಪಾಳ್ಯದ ಆರೋಗ್ಯ ಉಪಕೇಂದ್ರಕ್ಕೆ ನರ್ಸಮ್ಮನಾಗಿ ಬಂದದ್ದು ೧೯೯೯ರ ಜೂನ್‌ನಲ್ಲಿ. ಮನೆ ತಿಪಟೂರು. ಗಂಡ ಉಮರ್ ಫಾರೂಖ್ ಅಲ್ಲಿಯ ಬಸ್‌ಸ್ಟ್ಯಾಂಡ್ ಹಿಂದೆ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದ. ಬೆಳಿಗ್ಗೆ ಎಂಟೂಕಾಲರ ಬಸ್ಸು ಹತ್ತಿದರೆ ಅದು ದಂಡಿನಶಿವರ ದಾಟಿ ಎರಡು ಮೈಲಿ ಹೋಗಿ, ತೋಟಗಳ ನಡುವೆ ಬೋರ್ಡೂ ಇಲ್ಲದ ಒಂದು ತಿರುವಿನಲ್ಲಿ ಅವಳನ್ನು ಇಳಿಸುತ್ತಿತ್ತು. ಅಲ್ಲಿಂದ ಕಾಲು ಗಂಟೆ ನಡಿಗೆ. ಒಂಬತ್ತೂವರೆಗೆ ಬಾಗಿಲು ತೆಗೆದು, ಎರಡೂವರೆಯ ಬಸ್ಸಿಗೆ ವಾಪಸ್ಸು. ಅವಳಿಗಿಂತ ಹಿಂದೆ ಇದ್ದವರೂ ಹಾಗೇ ಮಾಡುತ್ತಿದ್ದರು.

ಮೊದಲ ದಿನ ಅವಳು ಹಳೆಯ ರಿಜಿಸ್ಟರ್ ತೆಗೆದು ನೋಡಿದಳು. ದಿನಕ್ಕೆ ಮೂವತ್ತೆರಡು ಜನ, ಮೂವತ್ತೈದು, ಮೂವತ್ತನಾಲ್ಕು. ಆಗಸ್ಟ್ ಹದಿನೈದರಂದೂ ಇಪ್ಪತ್ತೊಂಬತ್ತು. ಇಷ್ಟೊಂದು ಜನ ಬರುತ್ತಾರಲ್ಲ ಎಂದು ಗಾಬರಿಯಾಗಿ, ಎರಡು ಕೋಣೆಗಳನ್ನೂ ಗುಡಿಸಿ, ಜಗಲಿಯ ಮೇಲೆ ಚಾಪೆ ಹಾಸಿ, ಮಾತ್ರೆಗಳನ್ನು ಪೊಟ್ಟಣ ಕಟ್ಟಿ ಕಾದು ಕುಳಿತಳು. ಅವತ್ತು ಬಂದವರು ಇಬ್ಬರು. ಅವರಲ್ಲಿ ಒಬ್ಬ ಬಸ್ಸು ಹೋಯಿತೇ ಎಂದು ಕೇಳಲು ಬಂದವನು.

ವಾರಕ್ಕೆಲ್ಲ ಸೇರಿ ಹನ್ನೊಂದು ಜನ ಬಂದರು. ಅವಳು ಹನ್ನೊಂದು ಎಂದೇ ಬರೆದಳು. ಬೇರೆ ಏನು ಬರೆಯಬೇಕೆಂದು ಅವಳಿಗೆ ತೋಚಿರಲಿಲ್ಲ.

ತಿಂಗಳ ಮೀಟಿಂಗಿನಲ್ಲಿ ಅಧಿಕಾರಿಗಳು ಅವಳ ಹಾಳೆಯನ್ನು ಎತ್ತಿ ಹಿಡಿದು, "ಏನ್ರೀ, ನೀವು ಹೋದ್ಮೇಲೆ ಊರಿಗೂರೇ ಆರೋಗ್ಯವಾಗಿಬಿಡ್ತಾ?" ಎಂದರು. ಎಲ್ಲರೂ ನಕ್ಕರು. ಹೊರಗೆ ಬಂದಾಗ ಹಿರಿಯ ಸಿಸ್ಟರೊಬ್ಬರು ಅವಳ ತೋಳು ಹಿಡಿದು, "ದಿನಕ್ಕೆ ಮೂವತ್ತು ಅಂತ ಬರ್ಕೊಂಡು ಹೋಗಮ್ಮ. ಯಾರು ಬಂದು ಎಣಿಸ್ತಾರೆ?" ಎಂದರು. ನಸೀಮ್‌ಗೆ ಅದು ತಪ್ಪು ಸಲಹೆ ಅನ್ನಿಸಲಿಲ್ಲ. ಇಪ್ಪತ್ತು ಜನರ ಎದುರು ನಗೆಪಾಟಲಾಗುವುದಕ್ಕಿಂತ ಅದೇ ಸುಲಭ ಎಂದುಕೊಂಡೇ ಬಸ್ಸು ಹತ್ತಿದಳು.

ಅದಾದ ಮೂರನೆಯ ದಿನ ಬಸುರಿಯರ ಪಟ್ಟಿ ಮಾಡಲು ಊರೊಳಗೆ ಹೋದಾಗ ಕೆಂಪಕ್ಕನ ಮನೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಕೆಂಪಕ್ಕ ಐವತ್ತು ದಾಟಿದ ಹೆಂಗಸು, ಕೊಬ್ಬರಿ ಶೆಡ್ಡಿನಲ್ಲಿ ಚಿಪ್ಪು ಬಿಡಿಸುವ ಕೆಲಸದವಳು. ಹೊಸಿಲಲ್ಲೇ ಕೈ ಅಡ್ಡ ಇಟ್ಟಳು.

"ಒಳಿಕ್ಕೆ ಬರಬ್ಯಾಡ ಕಣಮ್ಮ. ಮಗೀನ ಮೈಮ್ಯಾಲೆ ಅಮ್ಮ ಬಂದವ್ಳೆ."

ಒಳಗೆ ಎರಡು ವರ್ಷದ ಮೊಮ್ಮಗಳು ಕಂಬಳಿ ಮೇಲೆ ಮಲಗಿದ್ದಳು. ಮುಖದ ತುಂಬ ದಡಾರದ ಕೆಂಪು. ಮಗು ಬಾಗಿಲಿಗೇ ಕೇಳಿಸುವಷ್ಟು ಜೋರಾಗಿ ಉಸಿರು ಎಳೆಯುತ್ತಿತ್ತು. ನಸೀಮ್ ಚೀಲದಿಂದ ಚುಚ್ಚುಮದ್ದಿನ ರಿಜಿಸ್ಟರ್ ತೆಗೆದು ಮಗುವಿನ ಹೆಸರು ಹುಡುಕಿದಳು. ಹೆಸರಿತ್ತು. ದಡಾರದ ಲಸಿಕೆಯ ಮುಂದೆ ತಾರೀಖು, ಸರಿ ಗುರುತು, ಎಲ್ಲ ಇತ್ತು.

"ಸೂಜಿನಾ?" ಎಂದಳು ಕೆಂಪಕ್ಕನ ಸೊಸೆ ಗಂಗಲಕ್ಷ್ಮಿ. "ನಮ್ ಮಗೀಗೆ ಯಾರೂ ಸೂಜಿ ಚುಚ್ಚೇ ಇಲ್ವಲ್ಲ ಸಿಸ್ಟರಮ್ಮ."

ನಸೀಮ್ ರಿಜಿಸ್ಟರನ್ನು ಚೀಲಕ್ಕೆ ಹಾಕಿದಳು. ಬೇವಿನ ಸೊಪ್ಪನ್ನು ತೆಗೆಯಲು ಹೇಳಲಿಲ್ಲ, ಅಮ್ಮನ ವಿಷಯಕ್ಕೂ ಹೋಗಲಿಲ್ಲ. "ಕೆಂಪಕ್ಕ, ಪೂಜೆ ನೀವು ಮಾಡಿ. ಮಗುವಿನ ಎದೆಯೊಳಗೆ ಕಫ ತುಂಬಿದೆ, ಅದಕ್ಕೆ ಔಷಧಿ ಬೇಕು. ಸಂಜೆವರೆಗೆ ಕಾಯೋ ಹಾಗಿಲ್ಲ," ಎಂದಳು. ಕೆಂಪಕ್ಕ ಸೊಸೆಯ ಮುಖ ನೋಡಿದಳು. ಗಂಗಲಕ್ಷ್ಮಿ ಆಗಲೇ ಮಗುವನ್ನು ಸೆರಗಿನಲ್ಲಿ ಸುತ್ತುತ್ತಿದ್ದಳು. ಶೆಡ್ಡಿನ ಯಜಮಾನ ಶ್ರೀರಂಗಯ್ಯನವರ ಕೊಬ್ಬರಿ ತುಂಬುವ ಮೆಟಡಾರ್ ಅಂದು ತಿಪಟೂರಿಗೆ ಹೊರಟಿತ್ತು. ಮೂಟೆಗಳ ನಡುವೆ ಮೂವರು ಹೆಂಗಸರೂ ಒಂದು ಮಗುವೂ ಕೂತು ಹೋದರು.

ಮಗು ಒಂಬತ್ತು ದಿನ ದೊಡ್ಡಾಸ್ಪತ್ರೆಯಲ್ಲಿತ್ತು. ಬದುಕಿತು. ಅದನ್ನು ಮನೆಗೆ ಕಳಿಸಿದ ದಿನ ನಸೀಮ್ ಉಪಕೇಂದ್ರದಲ್ಲಿ ಕುಳಿತು ಆ ಸರಿ ಗುರುತನ್ನು ಬಹಳ ಹೊತ್ತು ನೋಡಿದಳು. ಅದು ಅಲ್ಲಿ ಇಲ್ಲದೇ ಇದ್ದಿದ್ದರೆ, ಬಂದ ವಾರವೇ ಅವಳು ಆ ಮಗುವನ್ನು ಹುಡುಕಿಕೊಂಡು ಹೋಗುತ್ತಿದ್ದಳು. ಆಗಿದೆ ಎಂದು ಬರೆದಿದ್ದರಿಂದ ಯಾರೂ ಹೋಗಲಿಲ್ಲ. ಹಿರಿಯ ಸಿಸ್ಟರ್ ಹೇಳಿದ ಮೂವತ್ತನ್ನು ಬರೆಯುವ ಯೋಚನೆ ಅವತ್ತಿಗೆ ಬಿಟ್ಟುಹೋಯಿತು. ಇಡೀ ರಿಜಿಸ್ಟರನ್ನು ಪಕ್ಕಕ್ಕಿಟ್ಟು, ಮನೆಮನೆಗೂ ಹೋಗಿ ಮಕ್ಕಳ ತೋಳಿನ ಸೂಜಿ ಕಲೆ ನೋಡಿ, ತಾಯಂದಿರನ್ನು ಕೇಳಿ ಹೊಸ ಪಟ್ಟಿ ಮಾಡತೊಡಗಿದಳು.

ಅಕ್ಟೋಬರಿನಲ್ಲಿ ಮೇಲಿನ ಕಚೇರಿಯಿಂದ ಒಂದು ಕಾಗದ ಬಂತು. ಗೊರವಿನಪಾಳ್ಯದ ಉಪಕೇಂದ್ರದ ಬಳಕೆ ತೀರಾ ಕಡಿಮೆಯಿರುವುದರಿಂದ ಅದನ್ನು ರಸ್ತೆ ಬದಿಯ ದೊಡ್ಡ ಊರಿಗೆ ಸೇರಿಸುವ ಆಲೋಚನೆ ಇದೆ. ಜನವರಿಯಲ್ಲಿ ಒಬ್ಬರು ಬಂದು ಮೂವತ್ತು ಮನೆಗಳ ಸರ್ವೆ ಮಾಡುತ್ತಾರೆ. ಆ ವರದಿ ನೋಡಿಕೊಂಡು ತೀರ್ಮಾನ.

ನಸೀಮ್ ಕಾಗದವನ್ನು ಗಂಡನಿಗೆ ತೋರಿಸಿದಳು. ಉಮರ್ ಮೋಟಾರಿನ ತಾಮ್ರದ ತಂತಿ ಸುತ್ತುತ್ತಿದ್ದವನು ಕೈ ಒರೆಸಿಕೊಂಡು ಓದಿದ. "ರಸ್ತೆ ಬದಿ ಅಂದ್ರೆ ನಿನಗೆ ನಡಿಗೆ ತಪ್ಪುತ್ತೆ. ಒಳ್ಳೇದೇ ಅಲ್ವಾ?"

"ನನಗೆ ಒಳ್ಳೇದು," ಎಂದಳು. "ಆದ್ರೆ ಗಂಗಲಕ್ಷ್ಮಿ ಮಗು ಎತ್ಕೊಂಡು ನಾಲ್ಕು ಮೈಲಿ ನಡೀಬೇಕಾಗುತ್ತೆ," ಎಂದಳು. ಉಮರ್ ಕಾಗದ ಮಡಿಸಿ ವಾಪಸ್ಸು ಕೊಟ್ಟ.

ಮಾರನೆಯ ದಿನ ಅವಳು ನೇರ ಕೆಂಪಕ್ಕನನ್ನೇ ಕೇಳಿದಳು. "ಯಾಕೆ ಯಾರೂ ನನ್ನ ಹತ್ರ ಬರಲ್ಲ? ನಾನು ಬೇರೆ ಜಾತಿಯವಳು ಅಂತಲಾ?"

ಕೆಂಪಕ್ಕನಿಗೆ ನಗು ಬಂತು. "ಇನ್ನೂ ಏನೇನೋ ಅಂದ್ಕೊಂಡಿದ್ಯಾ ಬುಡು. ನೀನು ಬಾಗ್ಲು ತೆಗೆಯೋ ಹೊತ್ಗೆ ನಾವು ಶೆಡ್ಡಲ್ಲಿ ಚಿಪ್ಪು ಒಡೀತಾ ಇರ್ತೀವಿ. ನಾವು ಮನೀಗೆ ಬರೋ ಹೊತ್ಗೆ ನೀನು ಬಸ್ಸಲ್ಲಿರ್ತೀಯ. ಜ್ವರ ಬಂದ್ರೂ ಒಂದಿನ ಕೂಲಿ ಬುಟ್ಟು ನಿನ್ ಬಾಗ್ಲಲ್ಲಿ ಕೂತ್ಕಳಾಕಾಯ್ತದಾ?"

ಇಷ್ಟೇ. ನಾಲ್ಕು ತಿಂಗಳು ಖಾಲಿ ಚಾಪೆ ನೋಡಿಕೊಂಡು ಏನೇನೋ ಕಲ್ಪಿಸಿಕೊಂಡಿದ್ದ ನಸೀಮ್‌ಗೆ ನಾಚಿಕೆಯೂ ಆಯಿತು, ಹಗುರವೂ ಆಯಿತು.

ಶ್ರೀರಂಗಯ್ಯನವರ ಶೆಡ್ಡಿನಲ್ಲಿ ನಲವತ್ತು ಹೆಂಗಸರು ಕೆಲಸ ಮಾಡುತ್ತಿದ್ದರು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಗಳನ್ನು ಗಂಡಸರು ಸುಲಿದು ಹಾಕಿದರೆ, ಹೆಂಗಸರು ಕಾಲು ಚಾಚಿ ಕೂತು, ಒಳಗಿನ ಉಂಡೆ ಕೊಬ್ಬರಿ ಸೀಳದ ಹಾಗೆ ಮಚ್ಚಿನಿಂದ ಚಿಪ್ಪು ಬಿಡಿಸಬೇಕು. ಹೆಬ್ಬೆರಳಿಗೆ ಏಟು ಬೀಳದ ದಿನವಿಲ್ಲ. ದೂಳಿಗೆ ಕೆಮ್ಮು, ಕೂತು ಕೂತು ಸೊಂಟನೋವು. ನಸೀಮ್ ಮಂಗಳವಾರ, ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ಚೀಲ ಹಿಡಿದು ಬರುತ್ತೇನೆಂದಾಗ ಶ್ರೀರಂಗಯ್ಯ ಮುಖ ಗಂಟಿಕ್ಕಿದರು.

"ಆಸ್ಪತ್ರೆ ಇರೋದು ಅಲ್ಲಿ ಕಣಮ್ಮ. ಇಲ್ಲಿ ತಂದಿಟ್ರೆ ನನ್ ಕೆಲ್ಸ ಕೆಡ್ತದೆ."

"ಊಟದ ಅರ್ಧ ಗಂಟೆ ಅಷ್ಟೇ ಸಾರ್. ಗಂಟೆ ಹೊಡೆದ ತಕ್ಷಣ ನಾನು ಎದ್ದು ಹೋಗ್ತೀನಿ. ಒಂದು ದಿನ ತಡ ಮಾಡಿದ್ರೆ ಮಾರನೇ ದಿನ ಒಳಗೆ ಬಿಡಬೇಡಿ."

ಅವಳು ಒಂದು ದಿನವೂ ತಡ ಮಾಡಲಿಲ್ಲ. ಉಳಿದ ದಿನ ಮಧ್ಯಾಹ್ನದ ಬಸ್ಸು ಬಿಟ್ಟು, ಸಂಜೆಯವರೆಗೂ ಉಪಕೇಂದ್ರ ತೆರೆದಿಟ್ಟು ಆರೂವರೆಯ ಬಸ್ಸಿಗೆ ಹೊರಟಳು. ತಾನು ಬೇಗ ಮನೆ ಸೇರಿದ ದಿನ ಉಮರ್ ಅನ್ನ ಮಾಡಿಟ್ಟಿರುತ್ತಿದ್ದ, ಸಾರು ಮಾತ್ರ ಅವಳ ಪಾಲು.

ರಿಜಿಸ್ಟರಿನಲ್ಲಿ ಒಂದೇ ಕಾಲಂ ಇತ್ತು: ಕೇಂದ್ರಕ್ಕೆ ಬಂದವರು. ಶೆಡ್ಡಿನಲ್ಲಿ ನೋಡಿದವರನ್ನು ಅಲ್ಲಿ ಬರೆಯಲು ಅವಳಿಗೆ ಮನಸ್ಸಾಗಲಿಲ್ಲ, ಅವರು ಬಂದಿರಲಿಲ್ಲವಲ್ಲ. ಒಂದು ನೋಟ್‌ಬುಕ್ ಕೊಂಡು ಅದರಲ್ಲಿ ಹೆಸರು, ತಾರೀಖು, ಏನು ಕೊಟ್ಟೆ ಎಂದು ಬರೆದಿಟ್ಟಳು. ಹಾಗಾಗಿ ಡಿಸೆಂಬರ್ ಹೊತ್ತಿಗೂ ಕಚೇರಿಗೆ ಹೋಗುವ ಲೆಕ್ಕದಲ್ಲಿ ದಿನಕ್ಕೆ ಆರೇಳು ಜನರೇ ಇದ್ದರು.

ಜನವರಿ ಎರಡನೆಯ ವಾರ ರಂಗರಾಜು ಬಂದರು. ಕಚೇರಿಯ ಅಂಕಿಅಂಶ ವಿಭಾಗದವರು, ಐವತ್ತರ ಹತ್ತಿರದ ಮಿತಭಾಷಿ. ಕೊಡೆ, ಬಟ್ಟೆಚೀಲ, ಅದರಲ್ಲಿ ಅಚ್ಚು ಮಾಡಿದ ಫಾರಮ್ಮುಗಳು. ಮತದಾರರ ಪಟ್ಟಿಯಿಂದ ಮೂವತ್ತು ಮನೆಗಳನ್ನು ಮೊದಲೇ ಆರಿಸಿಕೊಂಡಿದ್ದರು. "ನೀವು ನನ್ನ ಜೊತೆ ಬರೋ ಹಾಗಿಲ್ಲ ಸಿಸ್ಟರ್," ಎಂದು ಹೇಳಿ ಒಬ್ಬರೇ ಊರೊಳಗೆ ಹೋದರು.

ಸಂಜೆ ವಾಪಸ್ಸು ಬಂದು ಜಗಲಿಯ ಮೇಲೆ ಕೂತರು. ನಸೀಮ್ ನೀರು ಕೊಟ್ಟಳು.

"ಹನ್ನೆರಡು ಮನೆ ಆಯ್ತು. ಹನ್ನೊಂದು ಮನೇಲಿ ಇಲ್ಲ ಅಂದ್ರು," ಎಂದರು ರಂಗರಾಜು. "ಮೂರು ತಿಂಗಳಲ್ಲಿ ಸರ್ಕಾರಿ ಉಪಕೇಂದ್ರದ ಸೇವೆ ಯಾರೂ ಪಡೆದಿಲ್ಲವಂತೆ. ಕೆಂಪಕ್ಕ ಅಂತ ಒಬ್ರು, ಶೆಡ್ಡಿಂದ ಊಟಕ್ಕೆ ಮನೆಗೆ ಬಂದಿದ್ರು, ಇಲ್ಲಿ ಸಿಸ್ಟರ್ ಯಾರು ಅಂತಾನೇ ಗೊತ್ತಿಲ್ಲ ಅಂದುಬಿಟ್ರು."

ನಸೀಮ್ ಲೋಟವನ್ನು ಹಾಗೇ ಹಿಡಿದು ನಿಂತಳು. ಕೆಂಪಕ್ಕನ ಮೊಮ್ಮಗಳನ್ನು ಮೂಟೆಗಳ ನಡುವೆ ತೊಡೆಯ ಮೇಲೆ ಮಲಗಿಸಿಕೊಂಡು ಹೋದದ್ದು ಕಣ್ಣ ಮುಂದೆ ಬಂತು. ಇವರಿಗಾಗಿಯೇ ಅಲ್ಲವೇ ಕತ್ತಲಾದ ಮೇಲೆ ಮನೆ ಸೇರುತ್ತಿದ್ದದ್ದು?

ರಂಗರಾಜು ಅವಳ ಮುಖ ನೋಡದೆ ಫಾರಮ್ಮುಗಳನ್ನು ಜೋಡಿಸುತ್ತ, "ಒಂದು ವಿಷಯ ಅರ್ಥ ಆಗ್ಲಿಲ್ಲ. ಆ ಕೆಂಪಕ್ಕನ ಹೆಬ್ಬೆರಳಿಗೆ ಬ್ಯಾಂಡೇಜ್ ಇತ್ತು. ಬೆರಳಿಗೆ ಸುತ್ತಿ, ಮಣಿಕಟ್ಟಿನ ಹತ್ರ ಗಂಟು. ಎದುರು ಮನೆಯವಳ ಕೈಗೂ ಅದೇ ಥರ ಕಟ್ಟಿತ್ತು. ಯಾರು ಕಟ್ಟಿದ್ದು ಅಂದ್ರೆ ನಾನೇ ಅಂದ್ರು. ಒಂದೇ ಕೈಯಲ್ಲಿ ಆ ಗಂಟು ಹಾಕ್ಕೊಳ್ಳೋಕೆ ಆಗಲ್ಲ," ಎಂದರು.

ನಸೀಮ್ ಒಳಗೆ ಹೋಗಿ ನೋಟ್‌ಬುಕ್ ತಂದು ಅವರ ಮುಂದಿಟ್ಟಳು. ಶೆಡ್ಡಿಗೆ ಹೋಗುವುದು, ಸಂಜೆಯ ಹೊತ್ತು ತೆರೆಯುವುದು, ಎಲ್ಲ ಹೇಳಿದಳು. ರಂಗರಾಜು ಕನ್ನಡಕ ಸರಿಮಾಡಿಕೊಂಡು ಹಾಳೆ ಹಾಳೆಯನ್ನೂ ಓದಿದರು.

"ಇದು ನೀವು ಬರೆದದ್ದು. ಇದನ್ನ ನೋಡಿ ನಾನು ತುಂಬೋಕೆ ಬರಲ್ಲ. ಜನ ಹೇಳಿದ್ದನ್ನಷ್ಟೇ ಬರೀಬೇಕು."

"ಗೊತ್ತು ಸಾರ್. ಜನ ಯಾಕೆ ಹೀಗೆ ಹೇಳಿದ್ರು ಅಂತ ನನಗೂ ಗೊತ್ತಿಲ್ಲ."

ಮಾರನೆಯ ದಿನ ಮಂಗಳವಾರ. ರಂಗರಾಜು ಹದಿಮೂರನೆಯ ಮನೆಗೆ ಹೋಗುವ ಬದಲು ಕೊಡೆ ಬಿಡಿಸಿಕೊಂಡು ನಸೀಮ್‌ಗಿಂತ ಹತ್ತು ನಿಮಿಷ ಮುಂಚೆಯೇ ಶೆಡ್ಡಿಗೆ ಹೋಗಿ ಶ್ರೀರಂಗಯ್ಯನವರ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರನ್ನು ನೋಡಿ ಹೆಂಗಸರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರು. ನಸೀಮ್ ಒಳಗೆ ಕಾಲಿಟ್ಟದ್ದೇ ಕೆಂಪಕ್ಕ ಕಣ್ಣಲ್ಲೇ ಹೋಗು ಹೋಗು ಎಂದು ಸನ್ನೆ ಮಾಡಿದಳು.

ನಸೀಮ್ ಹೋಗಲಿಲ್ಲ. ಚೀಲ ಕೆಳಗಿಟ್ಟು ಅವಳ ಎದುರಿಗೇ ಕೂತಳು. "ಕೆಂಪಕ್ಕ, ನಾನ್ಯಾರು ಅಂತ ಗೊತ್ತಿಲ್ಲ ಅಂದ್ರಂತೆ."

"ಸುಮ್ಕಿರು," ಎಂದಳು ಕೆಂಪಕ್ಕ ತಗ್ಗಿದ ದನಿಯಲ್ಲಿ.

"ನನಗೆ ಬೇಜಾರಾಯ್ತು."

ಕೆಂಪಕ್ಕ ಮಚ್ಚನ್ನು ನೆಲಕ್ಕೆ ಕುಕ್ಕಿದಳು. "ಬೇಜಾರಂತೆ! ನಿನ್ ಉಳಿಸಾಕೇ ಕಣೇ ಹಂಗಂದಿದ್ದು. ಆಸ್ಪತ್ರೇಲಿ ಕೂತ್ಕಂಬೇಕಾದೋಳು ಶೆಡ್ಡಿಗೆ ಬತ್ತಾಳೆ ಅಂತ ಗೊತ್ತಾದ್ರೆ ನಿನ್ನ ಕೆಲ್ಸದಿಂದ ತೆಗ್ದಾಕ್ತಾರೆ. ಅದಕ್ಕೇ ಸರ್ವೆಗೆ ಬತ್ತಾರೆ ಅಂತ ಸುದ್ದಿ ಆದೇಟ್ಗೆ ನಾನೇ ಮನೆಮನೆಗೂ ಹೋಗಿ ಹೇಳಿವ್ನಿ, ಸರ್ಕಾರದೋರು ಏನ್ ಕೇಳಿದ್ರೂ ಇಲ್ಲ ಅನ್ರೇ, ಸಿಸ್ಟರಮ್ಮನ ಹೆಸರು ಎತ್ಬೇಡ್ರೇ ಅಂತ. ಒಬ್ಳು ಮಾತ್ರ ಮರ್ತು ಹೂಂ ಅಂದವ್ಳೆ."

ನಸೀಮ್‌ಗೆ ತಡೆಯಲಾಗದ ನಗು ಬಂತು, ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು. ಸೆರಗಿನಿಂದ ಮುಖ ಒರೆಸಿಕೊಂಡು, "ಅವರು ನನ್ನ ತೆಗೆಯೋಕೆ ಬಂದಿಲ್ಲ ಕೆಂಪಕ್ಕ. ಯಾರೂ ಬರಲ್ಲ ಅಂತ ಗೊತ್ತಾದ್ರೆ ಈ ಆಸ್ಪತ್ರೆಯನ್ನೇ ಎತ್ಕೊಂಡು ಹೋಗ್ತಾರೆ. ಅದನ್ನ ತಿಳಿಯೋಕೆ ಬಂದವರು ಅವರು," ಎಂದಳು.

"ಅಯ್ಯೋ ಶಿವ್ನೆ!" ಎಂದಳು ಗಂಗಲಕ್ಷ್ಮಿ.

"ನನ್ನ ಪರವಾಗಿ ಏನೂ ಹೇಳಬೇಡಿ. ನಡೆದದ್ದು ಹೇಳಿ. ನನ್ನ ಹತ್ರ ಬಂದಿಲ್ಲ ಅಂದ್ರೆ ಬಂದಿಲ್ಲ ಅನ್ನಿ, ಬೈಯೋದಿದ್ರೆ ಅದನ್ನೂ ಹೇಳಿ."

ರಂಗರಾಜು ಎದ್ದು ಹತ್ತಿರ ಬಂದರು. "ನಿಮ್ಮ ಮಾತೆಲ್ಲ ಕೇಳಿಸ್ತು ಕಣಮ್ಮ. ನಿಮ್ಮ ಮನೆಗೆ ನಾಳೆ ಮತ್ತೆ ಬರ್ತೀನಿ. ಆದ್ರೆ ಇಲ್ಲಿ ಬೇಡ, ಇವರ ಎದುರಿಗೂ ಬೇಡ."

ಮೂರು ದಿನದ ಕೆಲಸಕ್ಕೆ ಅವರು ಆರು ದಿನ ತೆಗೆದುಕೊಂಡರು. ಹನ್ನೆರಡು ಮನೆಗಳಿಗೂ ಸಂಜೆ ಹೊತ್ತು, ಹೆಂಗಸರು ಶೆಡ್ಡಿನಿಂದ ಬಂದ ಮೇಲೆ, ಮತ್ತೆ ಹೋದರು. ಫಾರಮ್ಮಿನಲ್ಲಿದ್ದ ಪ್ರಶ್ನೆಯನ್ನು ಹಾಗೇ ಓದಿ ಉತ್ತರ ಬರೆದುಕೊಂಡು, ಆಮೇಲೆ ತಮ್ಮದೇ ಮಾತಿನಲ್ಲಿ ಕೇಳಿದರು. ಸಂಕ್ರಾಂತಿಯಿಂದ ಹಿಂದಕ್ಕೆ ದಸರಾದವರೆಗೆ ಈ ಮನೆಯಲ್ಲಿ ಯಾರಿಗೆ ಹುಷಾರಿರಲಿಲ್ಲ? ಏನಾಗಿತ್ತು? ಯಾರು ನೋಡಿದರು? ಎಲ್ಲಿ ನೋಡಿದರು? ಆ ಉತ್ತರಗಳನ್ನು ಹಾಳೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದುಕೊಂಡರು. ಒಬ್ಬ ಮುದುಕ ಸಿಸ್ಟರಮ್ಮ ಕೊಟ್ಟ ಮಾತ್ರೆ ಕಹಿ ಎಂದು ಕಾಲು ಗಂಟೆ ದೂರಿದ. ಅದನ್ನೂ ಬರೆದುಕೊಂಡರು.

ಶನಿವಾರ ಸಂಜೆ ಹೊರಡುವ ಮುಂಚೆ ನಸೀಮ್‌ಳನ್ನು ಕರೆದು ಕೂರಿಸಿಕೊಂಡರು.

"ಮೂವತ್ತರಲ್ಲಿ ಇಪ್ಪತ್ತಮೂರು ಮನೆಯವರು ನಿಮ್ಮ ಕೈಯಿಂದ ಏನಾದರೂ ಪಡೆದಿದ್ದಾರೆ. ಅದರಲ್ಲಿ ಎಂಟೇ ಮನೆಯವರು ಈ ಕಟ್ಟಡಕ್ಕೆ ಬಂದವರು. ಉಳಿದವರಿಗೆ ಸಿಕ್ಕಿದ್ದು ಶೆಡ್ಡಲ್ಲಿ, ಮನೆ ಬಾಗಿಲಲ್ಲಿ. ಕೇಂದ್ರಕ್ಕೆ ಬಂದವರು, ಕೇಂದ್ರದಿಂದ ಸೇವೆ ಪಡೆದವರು ಅಂತ ಎರಡು ಕಾಲಂ ಬೇಕು ಅಂತ ವರದೀಲಿ ಬರೀತೀನಿ. ಒಪ್ತಾರೋ ಇಲ್ವೋ ನನಗೆ ಗೊತ್ತಿಲ್ಲ."

ನಸೀಮ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಇಪ್ಪತ್ತಮೂರು ಎಂದು ಅವಳೂ ಅಂದುಕೊಂಡಿರಲಿಲ್ಲ.

"ಇನ್ನೂ ಇದೆ," ಎಂದರು ರಂಗರಾಜು. "ಉಳಿದ ಏಳು ಮನೆ. ಎರಡು ಮನೆಯವರು ಅನುಕೂಲಸ್ಥರು, ತಿಪಟೂರಿಗೆ ಹೋಗ್ತಾರೆ. ಐದು ಮನೆ ಕೆರೆ ಆಚೆ ಹಟ್ಟಿಯಲ್ಲಿವೆ. ಅಲ್ಲಿಗೆ ನೀವು ಎಷ್ಟು ಸಲ ಹೋಗಿದ್ದೀರಿ?"

ಅವಳು ಕೈ ತೆಗೆದಳು. ನೋಟ್‌ಬುಕ್ಕನ್ನು ತೆರೆಯುವ ಅಗತ್ಯವಿರಲಿಲ್ಲ. "ಒಂದು ಸಲ. ನಾಯಿಗಳು ಬಂದ್ವು, ವಾಪಸ್ಸು ಬಂದುಬಿಟ್ಟೆ."

"ಅದನ್ನೂ ಬರೀಬೇಕಾಗುತ್ತೆ."

"ಬರೀರಿ ಸಾರ್."

ಮಾರ್ಚಿಯಲ್ಲಿ ಆದೇಶ ಬಂತು. ಉಪಕೇಂದ್ರವನ್ನು ಸದ್ಯಕ್ಕೆ ಅಲ್ಲೇ ಮುಂದುವರಿಸುವುದು. ವಾರದಲ್ಲಿ ನಾಲ್ಕು ದಿನ ಮಧ್ಯಾಹ್ನದಿಂದ ಸಂಜೆಯವರೆಗೆ ತೆರೆಯಲು ಒಂದು ವರ್ಷದ ಮಟ್ಟಿಗೆ ಅನುಮತಿ. ಎರಡು ಕಾಲಮ್ಮಿನ ಮಾತು ಅದರಲ್ಲಿ ಇರಲಿಲ್ಲ. ನಸೀಮ್ ಸ್ಕೇಲು ಇಟ್ಟು ತಾನೇ ರಿಜಿಸ್ಟರಿನಲ್ಲಿ ಒಂದು ಗೆರೆ ಎಳೆದುಕೊಂಡಳು. ತಿಂಗಳ ಮೀಟಿಂಗಿನಲ್ಲಿ ಇದೇನು ಎಂದು ಕೇಳಿದಾಗ ವಿವರಿಸಿದಳು. ಯಾರೂ ನಗಲಿಲ್ಲ. ಹಿರಿಯ ಸಿಸ್ಟರ್ ಮಾತ್ರ ಅವಳ ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡು ನೋಡಿದರು.

ಆದೇಶಕ್ಕೆ ಕಾಯದೆ, ರಂಗರಾಜು ಹೋದ ಮರು ಸೋಮವಾರವೇ ಅವಳು ಕೆರೆ ಏರಿ ಹತ್ತಿದ್ದಳು. ನಾಯಿಗಳಿಗೆಂದು ಕೈಯಲ್ಲೊಂದು ತೆಂಗಿನ ಗರಿಯ ದಂಟು. ಹಟ್ಟಿಯವರು ಕುರಿ ಸಾಕುವವರು. ಮೊದಲ ಮನೆಯ ಚಿಕ್ಕಗೌರಮ್ಮ ಎಂಬ ಎತ್ತರದ ಮುದುಕಿ ನಾಯಿಗಳನ್ನು ಗದರಿಸಿ ಸುಮ್ಮನಾಗಿಸಿದಳಾದರೂ ಬಾಗಿಲಿಂದ ಕದಲಲಿಲ್ಲ.

"ಯಾರನ್ನ ಕರ್ಕೊಂಡೋಗಾಕೆ ಬಂದಿದ್ದೀಯಾ? ನಮ್ಮ ಹೆಂಗುಸ್ರು ಯಾರೂ ಮಕ್ಕಳಾಗದಂಗೆ ಮಾಡೋ ಆಪ್ರೇಸನ್ನಿಗೆ ಬರಾಕಿಲ್ಲ."

"ಯಾರನ್ನೂ ಕರ್ಕೊಂಡು ಹೋಗಲ್ಲ ಅಜ್ಜಿ. ಇಷ್ಟು ದಿನ ಬಂದಿರಲಿಲ್ಲ, ಅದಕ್ಕೆ ಬಂದೆ."

"ಯಾಕ್ ಬಂದಿರ್ನಿಲ್ಲ?"

"ನಾಯಿಗೆ ಹೆದರಿ."

ಮುದುಕಿ ಅವಳನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು. ಬಹುಶಃ ಇಂಥ ಉತ್ತರ ಯಾವ ಸರ್ಕಾರದವರ ಬಾಯಿಂದಲೂ ಕೇಳಿರಲಿಲ್ಲ. ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದು ಕೊಟ್ಟಳು. ನಸೀಮ್ ಜಗಲಿಯಲ್ಲಿ ಕೂತು ಕುಡಿದಳು. ಚೀಲ ಬಿಚ್ಚಲಿಲ್ಲ. ಮನೆಯಲ್ಲಿ ಯಾರ್‍ಯಾರಿದ್ದಾರೆ, ಕುರಿ ಎಲ್ಲಿಗೆ ಹೊಡೆಯುತ್ತಾರೆ, ನೀರು ಎಲ್ಲಿಂದ ತರುತ್ತಾರೆ ಎಂದು ಕೇಳುತ್ತ ಕೂತಳು. ಅರ್ಧ ಗಂಟೆಯಾದ ಮೇಲೆ ಒಳಗಿನಿಂದ ಸೊಸೆ ಬಂದು ಬಾಗಿಲಿಗೆ ಒರಗಿ ನಿಂತಳು. ಏಳು ತಿಂಗಳ ಬಸುರಿ, ಕಾಲು ಊದಿತ್ತು, ತುಟಿ ಬಿಳಿಚಿತ್ತು.

"ಇವ್ಳಿಗೆ ಒಂದೀಟು ನೋಡ್ತೀಯಾ?" ಎಂದಳು ಚಿಕ್ಕಗೌರಮ್ಮ, ಬೇರೆ ಕಡೆ ಮುಖ ಮಾಡಿಕೊಂಡು.

ನಸೀಮ್ ಆಗ ಚೀಲ ಬಿಚ್ಚಿದಳು.

ಅಲ್ಲಿಂದ ಪ್ರತಿ ಸೋಮವಾರ ಕುರಿ ಹೊರಡುವ ಮುಂಚೆ ಅವಳು ಹಟ್ಟಿಯಲ್ಲಿರುತ್ತಿದ್ದಳು. ಕಬ್ಬಿಣದ ಮಾತ್ರೆ, ಧನುರ್ವಾಯು ಬಾರದಂತೆ ಟಿಟಿ ಸೂಜಿ, ಎರಡು ಸಲ ತಿಪಟೂರಿನ ಡಾಕ್ಟರ ಹತ್ತಿರ ರಕ್ತ ಪರೀಕ್ಷೆ. ಬಸ್ಸಿನಲ್ಲಿ ಚಿಕ್ಕಗೌರಮ್ಮನೂ ಜೊತೆಗೆ ಬರುತ್ತಿದ್ದಳು, ಆಪರೇಷನ್ ಮಾಡಿಬಿಟ್ಟಾರೆಂದು ಕಾವಲಿಗೆ. ಮಾರ್ಚಿ ಕೊನೆಯಲ್ಲಿ ದೊಡ್ಡಾಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ತೂಕ ಸ್ವಲ್ಪ ಕಡಿಮೆ, ಅಳು ಮಾತ್ರ ಜೋರು. ಮುದುಕಿ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ವಾರ್ಡಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು. ಪಕ್ಕದ ಹಾಸಿಗೆಯವರು ಯಾವೂರು ಎಂದು ಕೇಳಿದರೆ, "ಗೊರವಿನಪಾಳ್ಯ. ನಮ್ಗೂ ಒಂದು ಆಸ್ಪತ್ರೆ ಐತೆ," ಎಂದು ಹೇಳುತ್ತಿದ್ದಳು.